ನಮ್ಮಲ್ಲಿ

ಮುದುಕರ ಆರೈಕೆಮನೆಯ ನೆಲಮಾಳಿಗೆ, ರೆಜೈನಾ.
ಹೊರಗೆ ಮೈನಸ್ ಮೂವತ್ತೊಂದು.
ಒಳಗೆ ನಾಲ್ಕು ಡ್ರೈಯರುಗಳ ಸೆಕೆ,
ನಮ್ಮ ಬಟಾಕಿನ ಏಪ್ರಿಲ್ಲಿನ ಹಾಗೆ.
ಹೊದಿಕೆ ಮಡಿಸುತ್ತ ಎಣಿಸುತ್ತೇನೆ:
ಅಂ, ದೊ, ತ್ರುವಾ, ಕಾತ್ರ್.
ಎಪ್ಪತ್ತು ಬಂದರೆ ಎಡವುತ್ತೇನೆ,
ಅರವತ್ತರ ಮೇಲೆ ಹತ್ತು ಅನ್ನುತ್ತಾರೆ ಈ ಫ್ರೆಂಚರು,
ಎಂಬತ್ತಕ್ಕೆ ನಾಲ್ಕು ಇಪ್ಪತ್ತು,
ಸಂತೆಯಲ್ಲಿ ನನ್ನಜ್ಜಿ ಬೆಳ್ಳುಳ್ಳಿ ಕಟ್ಟು ಎಣಿಸಿದಂತೆ.

ಈ ಊರಲ್ಲಿ ಫ್ರೆಂಚ್ ಯಾರಿಗೆ ಬೇಕು?
ಬಸ್ಸಿನವನಿಗೆ ಬೇಡ, ಬ್ರೆಡ್ಡಿನಂಗಡಿಗೆ ಬೇಡ.
ಲೆಕ್ಕಕ್ಕೆ ಬೇಕು.

ಎಲ್ಪಿಡಿಯೊ ಮೊದಲ ಅರ್ಜಿದಾರನಾದರೆ
ಹದಿನೇಳು ಅಂಕ ಕಡಿಮೆ ಬೀಳುತ್ತದೆ,
ನಾನಾದರೆ ಮೂವತ್ತು.
ಅಡುಗೆಮೇಜಿನ ಮೇಲೆ ಗಂಡಹೆಂಡಿರು
ಒಬ್ಬರನ್ನೊಬ್ಬರು ತೂಗಿ ನೋಡಿದ್ದೇವೆ, ನಗುತ್ತಲೇ.
ಅವನ ಹುಟ್ಟಿದ ದಿನ ಕೇಕಿತ್ತು, ಹಾಡಿರಲಿಲ್ಲ.
ನಲವತ್ತೆರಡಕ್ಕೆ ಕಾಲಿಟ್ಟ ರಾತ್ರಿಯೇ ಹತ್ತಂಕ ಹೋಯಿತು.
‘ಮುದುಕನಾದೆ ಅಂತ ಮೊಣಕಾಲು ಹೇಳಬೇಕಿತ್ತು,
ಅದಕ್ಕೂ ಮೊದಲು ಸರ್ಕಾರ ಹೇಳಿಬಿಟ್ಟಿತು’ ಅಂದ.
ಮರುದಿನ ಎಸ್ತೆವಾನಿಗೆ ಹೊರಟ,
ಪೈಪಿಗೆ ಪೈಪು ಬೆಸೆಯಲು.

ನಾನು ಹದಿನಾಲ್ಕು ವರ್ಷದ ಸೂಲಗಿತ್ತಿ.
ಈ ಅಂಗೈಗೆ ಬಂದು ಬಿದ್ದ ತಲೆಗಳ ಲೆಕ್ಕ ರಿಜಿಸ್ಟರಿನಲ್ಲಿದೆ,
ರಿಜಿಸ್ಟರು ಬಟಾಕಿನಲ್ಲಿದೆ.
ಇಲ್ಲಿಯ ಪತ್ರ ಬಂತು:
ಎರಡು ವರ್ಷದ ಡಿಪ್ಲೊಮಾಕ್ಕೆ ಸಮ.
ಆಗಲಿ.

ರೊವೆಲಿನ್‌ಗೆ ಜೂನ್ ಒಂಬತ್ತಕ್ಕೆ ಇಪ್ಪತ್ತೆರಡು.
ಅಷ್ಟರೊಳಗೆ ಅರ್ಜಿ ಸೇರದಿದ್ದರೆ
ಕಾಗದದ ಮಟ್ಟಿಗೆ ಅವಳು ನಮ್ಮ ಕುಟುಂಬವಲ್ಲ.
ಹುಟ್ಟುವಾಗ ಬಳ್ಳಿ ಕೊರಳಿಗೆ ಸುತ್ತಿತ್ತು.
ನಾನಿನ್ನೂ ಕಲಿಯುತ್ತಿದ್ದೆ,
ಮಲಗಿದಲ್ಲಿಂದಲೇ ಹೇಳಿಕೊಟ್ಟು ಬಿಡಿಸಿದ್ದೆ.
ಅದನ್ನು ಬರೆಯಲು ಫಾರಮಿನಲ್ಲಿ ಜಾಗವಿಲ್ಲ.
ಫ್ರೆಂಚ್ ಪಾಸಾದವರಿಗೆ ಬೇರೆ ಸಾಲು,
ಗಿಡ್ಡ ಸಾಲು ಅನ್ನುತ್ತಾರೆ.

ಮೂರನೇ ಮಹಡಿಯ ಮದಾಂ ಎರ್ಮಿನ್, ತೊಂಬತ್ತಮೂರು,
ಗ್ರಾವೆಲ್ಬೂರ್ ಕಡೆಯ ಗೋಧಿಹೊಲದವಳು.
ಅರವತ್ತು ವರ್ಷ ಆಡಿದ ಇಂಗ್ಲಿಷನ್ನು
ಕಳೆದ ಚಳಿಗಾಲ ಹಲ್ಲಿನ ಸೆಟ್ಟಿನಂತೆ
ಎಲ್ಲೋ ಇಟ್ಟು ಮರೆತಳು.
ಈಗ ತಾಯಿಯ ಮಾತೊಂದೇ.
ನರ್ಸುಗಳಿಗೆ ತಿಳಿಯದು, ನನಗೆ ಕರೆ ಬರುತ್ತದೆ.
ಬಿಸಿ ಹೊದಿಕೆ ಹೊತ್ತು ಹತ್ತುತ್ತೇನೆ.
ಅವಳು ನನ್ನ ಕತ್ತಿಗೆ ಬೆರಳೊತ್ತಿ ರಕಾರ ತಿದ್ದುತ್ತಾಳೆ:
‘ನಾಲಿಗೆಯಲ್ಲಲ್ಲ ಹುಡುಗಿ, ಗಂಟಲಲ್ಲಿ, ಗಂಟಲಲ್ಲಿ!’
ಆಮೇಲೆ ದಿನದ ಪ್ರಶ್ನೆ:
‘ಶೇ ನು ಹೋಗೋದು ಯಾವಾಗ?’

ಶೇ ನು. ಅಂದರೆ ನಮ್ಮಲ್ಲಿ.
ಪುಸ್ತಕದಲ್ಲಿ ಅಡಿಗೆರೆ ಎಳೆದಿದ್ದೇನೆ.
ಮನೆ ಅನ್ನುವ ಮಾತೇ ಅದರೊಳಗಿಲ್ಲ,
ನಾವು ಇದ್ದರೆ ಸಾಕು.
ನಾವು ಈಗ ಮೂರು ಕಡೆ ಇದ್ದೇವೆ.

ಮಂಗಳವಾರ ಬಾಯಿಪರೀಕ್ಷೆ.
ಕನ್ನಡಕದ ಹುಡುಗ ಗಡಿಯಾರ ಒತ್ತಿ ಕೇಳಿದ:
‘ನಿಮ್ಮಲ್ಲಿ ಭಾನುವಾರ ಹೇಗಿರುತ್ತದೆ?’
ಬಟಾಕು ಫ್ರೆಂಚಿನಲ್ಲಿ ಬರಲಿಲ್ಲ.
ಬಂದದ್ದು ಮದಾಂ ಎರ್ಮಿನ್‌ಳ ಭಾನುವಾರ:
ಬೆಳಗಿನ ಒಲೆ, ಹಂದಿಕೊಬ್ಬು ಸವರಿದ ರೊಟ್ಟಿ,
ಜಾರುಬಂಡಿಯಲ್ಲಿ ಇಗರ್ಜಿಗೆ,
ಅಪ್ಪನ ಮೀಸೆಯಲ್ಲಿ ಮಂಜುಗಡ್ಡೆ.
ತಡೆಯಿಲ್ಲದೆ ಹೇಳಿದೆ, ನನ್ನದೇ ಎಂಬಂತೆ.
‘ಕುದುರೆಗಳಿದ್ದವೇ?’
‘ಎರಡು’ ಅಂದೆ. ‘ಒಂದಕ್ಕೆ ಕಣ್ಣಿಲ್ಲ.’
ಅವನು ಬರೆದುಕೊಂಡ.

ಫಲಿತಾಂಶಕ್ಕೆ ಆರು ವಾರವಂತೆ.

ಬುಧವಾರ ಬೆಳಿಗ್ಗೆ ಹೊದಿಕೆ ಹೊತ್ತು ಹತ್ತಿದೆ.
ಕಿಟಕಿಯಾಚೆ ಪಾರ್ಕಿಂಗ್ ಜಾಗದ ಹಿಮ ತೋಡುತ್ತಿದ್ದರು.
‘ಶೇ ನು ಹೋಗೋದು ಯಾವಾಗ?’
ಅವಳ ಕಾಲಿಗೆ ಹೊದಿಸಿ, ಅಂಚು ಒಳಕ್ಕೆ ಸೇರಿಸಿ
ಹೇಳಿದೆ, ಗಂಟಲಿನಿಂದಲೇ:
‘ನಿನ್ನೆ ಹೋಗಿಬಂದೆ ಮದಾಂ.
ಒಲೆ ಉರೀತಾ ಇತ್ತು.
ಕುದುರೆ ಎರಡೂ ಚೆನ್ನಾಗಿವೆ.’